ಯಂತ್ರದೊಳಗಿನ ಯಂತ್ರಕ್ಕೆ ಬಾಗಿಲು ಎಷ್ಟು?

ಕಾಮರ್ಸ್ ಓದುವ ನಮ್ಮಲ್ಲಿ ಕೆಲವರು ಸಂಜೆ ಹೊತ್ತು ಹೋಟೆಲು, ಅಂಗಡಿಗಳ ಲೆಕ್ಕ ಬರೆಯುತ್ತೇವೆ. ಕೆಲವು ಕಡೆ ಲೆಕ್ಕದ ಹಳೆಯ ಸಾಫ್ಟ್‌ವೇರು ವಿಂಡೋಸ್ 7 ಬಿಟ್ಟು ಬೇರೆಲ್ಲೂ ನಡೆಯುವುದಿಲ್ಲ. ಆ ವಿಂಡೋಸಿಗಾದರೋ ಮೈಕ್ರೋಸಾಫ್ಟಿನವರ ಆಸರೆ 2020ರ ಜನವರಿ 14ಕ್ಕೇ ಮುಗಿಯಿತು. ಆಗ ನೆರವಿಗೆ ಬರುವುದು ವರ್ಚುಯಲ್ ಮೆಷಿನ್. ಅಂದರೆ ಹೊಸ ಕಂಪ್ಯೂಟರಿನ ಹೊಟ್ಟೆಯೊಳಗೆ ಸಾಫ್ಟ್‌ವೇರಿನಿಂದಲೇ ಕಟ್ಟಿದ ಇನ್ನೊಂದು ಕಂಪ್ಯೂಟರು. ವರ್ಚುಯಲ್‌ಬಾಕ್ಸ್ ಇದ್ದರೆ ಕಟ್ಟುವುದೇನೂ ಕಷ್ಟವಲ್ಲ. ಅದಕ್ಕೆ ಹೊರಗಿನ ಸಂಪರ್ಕ ಎಷ್ಟು ಕೊಡಬೇಕು ಅನ್ನುವುದೇ ಪ್ರಶ್ನೆ.

ಒಳಗಿನ ಯಂತ್ರವನ್ನು ಗೆಸ್ಟ್, ಹೊರಗಿನದನ್ನು ಹೋಸ್ಟ್ ಅಂತ ಕರೆಯುತ್ತಾರೆ. ಮುಂಬಯಿಯಲ್ಲಿ ಪೇಯಿಂಗ್ ಗೆಸ್ಟ್ ಆಗಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ! ಸೆಟ್ಟಿಂಗ್ಸ್‌ನ ನೆಟ್‌ವರ್ಕ್ ಪುಟದಲ್ಲಿ ಹಲವು ಆಯ್ಕೆಗಳಿವೆ. ಮೂರು ತಿಳಿದರೆ ಸಾಕು.

ಒಂದು, ನ್ಯಾಟ್. ನಾವು ಏನೂ ಮುಟ್ಟದಿದ್ದರೆ ಇರುವುದು ಇದೇ. ಗೆಸ್ಟ್ ಹೊರಗೆ ಹೋಗಿ ಬರಬಹುದು, ಆದರೆ ಮನೆಯೊಡೆಯನ ವಿಳಾಸದಲ್ಲಿ. ಹೊರಗಿನವರು ತಾವಾಗಿ ಹುಡುಕಿಕೊಂಡು ಬಂದರೆ ಸಿಗುವುದಿಲ್ಲ. ಗೆಸ್ಟಿನ ನಂಬರು ಸಾಮಾನ್ಯವಾಗಿ 10.0.2.15. ಎರಡು ಗೆಸ್ಟ್ ಕಟ್ಟಿದರೆ ಎರಡಕ್ಕೂ ಅದೇ ನಂಬರು; ಒಂದಕ್ಕೊಂದು ಪರಿಚಯವೇ ಇರುವುದಿಲ್ಲ.

ಎರಡು, ಬ್ರಿಡ್ಜ್ಡ್. ಇಲ್ಲಿ ಗೆಸ್ಟಿಗೆ ಬೀದಿಗೇ ಬೇರೆ ಬಾಗಿಲು. ನಂಬರು ಕೊಡುವುದು ರೂಟರು. ಅದೇ ವೈಫೈಯಲ್ಲಿರುವ ಯಾರು ಬೇಕಾದರೂ ಬಾಗಿಲು ತಟ್ಟಬಹುದು. ಹಾಸ್ಟೆಲಿನ ವೈಫೈಯಲ್ಲಿ ವಿಂಡೋಸ್ 7ಕ್ಕೆ ಇದನ್ನು ಕೊಡುವುದೆಂದರೆ ಗಲ್ಲಾಪೆಟ್ಟಿಗೆಯನ್ನು ಫುಟ್‌ಪಾತಿನ ಮೇಲೆ ಇಟ್ಟ ಹಾಗೆ.

ಮೂರು, ಹೋಸ್ಟ್ ಓನ್ಲಿ. ಕೋಣೆಗೆ ಮನೆಯೊಳಗಿನಿಂದ ಮಾತ್ರ ಬಾಗಿಲು. ಹೋಸ್ಟಿನ ನಂಬರು ಸಾಮಾನ್ಯವಾಗಿ 192.168.56.1; ಗೆಸ್ಟಿನದೂ ಅದೇ ಸಾಲಿನದು. ಇಂಟರ್ನೆಟ್ ಇಲ್ಲ. ಲೆಕ್ಕ ಬರೆಯಲು ಇಂಟರ್ನೆಟ್ ಯಾಕೆ ಬೇಕು? ಹಳೆಯ ವಿಂಡೋಸಿಗೆ ಇದೇ ತಕ್ಕದ್ದು.

ಆದರೆ ಒಂದು ಮಾತು. ಅದೇ ಪುಟದಲ್ಲಿ ನಾಲ್ಕು ಅಡಾಪ್ಟರುಗಳಿರುತ್ತವೆ. ಮೊದಲನೆಯದನ್ನು ಹೋಸ್ಟ್ ಓನ್ಲಿ ಮಾಡಿ, ಎರಡನೆಯದರಲ್ಲಿ ನ್ಯಾಟ್ ಉಳಿಸಿದರೆ ಮುಂಬಾಗಿಲಿಗೆ ಬೀಗ ಹಾಕಿ ಹಿತ್ತಿಲ ಬಾಗಿಲು ತೆರೆದಿಟ್ಟಂತೆ. ಉಳಿದ ಮೂರನ್ನೂ ಆರಿಸಿಡಿ. ಆಮೇಲೆ ಗೆಸ್ಟಿನೊಳಗೆ ಐಪಿಕಾನ್ಫಿಗ್ ಆಜ್ಞೆ ಕೊಟ್ಟು ನಂಬರು ನೋಡಿ. ಬ್ರೌಸರ್ ತೆರೆದು ಯಾವ ಸೈಟೂ ಬರುವುದಿಲ್ಲವೆಂದು ಖಾತ್ರಿ ಮಾಡಿಕೊಳ್ಳಿ. ಹೋಸ್ಟಿಗೇ ವೈರಸ್ ತಗಲಿದರೆ ಈ ಏರ್ಪಾಡು ಕಾಯಲಾರದು. ಆದ್ದರಿಂದ ಲೆಕ್ಕದ ಪ್ರತಿಯೊಂದನ್ನು ಪೆನ್‌ಡ್ರೈವಿಗೆ ತೆಗೆದು, ಅದನ್ನು ಕಳಚಿ ಬೇರೆ ಇಡಬೇಕು.

ಯಾರು ಯಾರೊಡನೆ ಮಾತಾಡಬೇಕು ಎಂದು ಮೊದಲು ಕೇಳಿಕೊಂಡರೆ ಎಷ್ಟು ಬಾಗಿಲು ಬೇಕೆಂದು ತಾನಾಗಿ ಗೊತ್ತಾಗುತ್ತದೆ. ಆ ಲೆಕ್ಕದಲ್ಲಿ ಅಂಗಡಿಯವರ ಸಾಲವಿದೆ, ಕೆಲಸದ ಹುಡುಗರ ಸಂಬಳವಿದೆ. ನಮ್ಮನ್ನು ನಂಬಿ ಕೊಟ್ಟದ್ದು ಅದು.