ನಿಮಗಿದು ಗೊತ್ತೆ? ಜೂಡೋದ ‘ಕತಮೆ ವಾಝ’

ಜಿಗೊರೊ ಕಾನೊ 1882ರಲ್ಲಿ ಟೋಕಿಯೊದಲ್ಲಿ ಕೊಡೊಕಾನ್ ತೆರೆದು ಬೆಳೆಸಿದ ಜೂಡೋದಲ್ಲಿ ಎದುರಾಳಿಯನ್ನು ಅದುಮಿ ಹಿಡಿಯುವುದು, ಕತ್ತು ಬಿಗಿಯುವುದು, ಕೀಲು ತಿರುಚುವುದು ಈ ಮೂರಕ್ಕೂ ಸೇರಿ ‘ಕತಮೆ ವಾಝ’ ಎಂದು ಹೆಸರು. ಇಂಗ್ಲಿಷ್ ಬರಹಗಳೂ ಈ ಜಪಾನಿ ಪದವನ್ನೇ ಇಟ್ಟುಕೊಂಡಿವೆ. ‘ನೆಲದ ಪಟ್ಟು’ ಎಂದರೆ ಸಾಲದೇ? ಸಾಲದು, ಕೀಲು ತಿರುಚುವ ಕೆಲವು ಪಟ್ಟುಗಳನ್ನು ನಿಂತೇ ಹಾಕಬಹುದು. ನಮ್ಮ ಮಲ್ಲಯುದ್ಧದ ಮಾತುಗಳೇನು ಕಡಿಮೆ ಎಂದು ಮುನಿರಾಬಾದಿನ ಕುಸ್ತಿಪ್ರಿಯರು ಕೇಳಿಯಾರು. ಮಾತೂ ಕಡಿಮೆಯೇನಲ್ಲ, ಮಲ್ಲರೂ ಕಡಿಮೆಯೇನಲ್ಲ. ಅವರ ಊರಿನಿಂದ ಹೊಳೆಯಾಚೆಯ ವಿಜಯನಗರದ ಮಲ್ಲರ ಏಟಿಗೆ ಹಲ್ಲೇ ಮುರಿಯುತ್ತಿದ್ದವೆಂದು 1520ರ ಸುಮಾರಿಗೆ ಬಂದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಬರೆದಿದ್ದಾನೆ. (ಈಗಿನ ರೆಫರಿ ಒಪ್ಪುವುದಿಲ್ಲ, ಬಿಡಿ!) ಆದರೆ ಕುಸ್ತಿಯ ಮಾತು ಇಲ್ಲಿ ಪೂರ್ತಿ ಒಗ್ಗದು: ಇಂದಿನ ಕುಸ್ತಿಯಲ್ಲಿ ಕತ್ತು ಹಿಸುಕುವುದು ನಿಷಿದ್ಧ, ಜೂಡೋದಲ್ಲಿ ಹಾಗೆ ಬಿಗಿದು ಸೋಲೊಪ್ಪಿಸಿದರೆ ‘ಇಪ್ಪೊನ್’, ಅಂದರೆ ಪೂರ್ಣ ಗೆಲುವು.