ಬಾಯಿ ಕಟ್ಟಿದರೆ ಬೊಜ್ಜು ಕರಗುತ್ತದೆಯೇ?

ಮದುವೆ ಮನೆಯಲ್ಲಿ ಎದುರಾದ ಚಿಕ್ಕಮ್ಮನ ಮೊದಲ ಮಾತೇ, "ಏನೇ, ಇಷ್ಟು ದಪ್ಪ ಆಗಿದ್ದೀಯ!" ಊಟಕ್ಕೆ ಕೂತಾಗ ಅದೇ ಚಿಕ್ಕಮ್ಮ, "ಇನ್ನೊಂದು ಹೋಳಿಗೆ ಹಾಕಿಸ್ಕೊ, ನಾಚಿಕೆ ಯಾಕೆ?" ಎನ್ನುತ್ತಾರೆ. ತಿನ್ನಿಸುವವರು ನಾವೆಲ್ಲ, ತಪ್ಪು ಮಾತ್ರ ತಿಂದವರದು! 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವರ್ಷದ ಭಾರತೀಯ ಮಹಿಳೆಯರಲ್ಲಿ ಶೇ 24ರಷ್ಟು ಮಂದಿಗೆ ಅತಿತೂಕ ಅಥವಾ ಬೊಜ್ಜು ಇದೆ. ಇಷ್ಟು ಜನರಿಗೂ ಮನೋಬಲ ಇಲ್ಲ ಎನ್ನಲಾದೀತೆ?

ತಪ್ಪು ಕಲ್ಪನೆ: ಛಲ ಇದ್ದರೆ ತೂಕ ಇಳಿಯುತ್ತದೆ, ಇಳಿದದ್ದು ಹಾಗೇ ಉಳಿಯುತ್ತದೆ.

ಸತ್ಯ: ಅಮೆರಿಕದ 'ದಿ ಬಿಗ್ಗೆಸ್ಟ್ ಲೂಸರ್' ಎಂಬ ತೂಕ ಇಳಿಸುವ ಟಿ.ವಿ. ಸ್ಪರ್ಧೆಯಲ್ಲಿದ್ದ 14 ಜನರನ್ನು ಆರು ವರ್ಷಗಳ ನಂತರ ಪರೀಕ್ಷಿಸಿದ ವರದಿ 2016ರಲ್ಲಿ ಬಂತು. ಛಲಕ್ಕೇನೂ ಕೊರತೆಯಿಲ್ಲದ ಅವರಲ್ಲಿ ಬಹುತೇಕರ ತೂಕ ಮತ್ತೆ ಏರಿತ್ತು. ವಿಶ್ರಾಂತಿಯಲ್ಲಿದ್ದಾಗ ಅವರ ದೇಹ ಖರ್ಚು ಮಾಡುತ್ತಿದ್ದ ಶಕ್ತಿ, ನಿರೀಕ್ಷೆಗಿಂತ ದಿನಕ್ಕೆ ಸುಮಾರು 500 ಕ್ಯಾಲೊರಿ ಕಡಿಮೆ. ತೂಕ ಇಳಿದಂತೆ ಹಸಿವೂ ಹೆಚ್ಚುತ್ತದೆ. ಇದು ಸೋಮಾರಿತನವಲ್ಲ, ಶರೀರದ ಸ್ವಭಾವ.

ತಪ್ಪು ಕಲ್ಪನೆ: ನಾಲ್ಕು ಮಾತು ಚುಚ್ಚಿ ಆಡಿದರೆ ಬುದ್ಧಿ ಬರುತ್ತದೆ.

ಸತ್ಯ: ಇಂಗ್ಲೆಂಡಿನಲ್ಲಿ 50 ದಾಟಿದ 2,944 ಜನರನ್ನು ನಾಲ್ಕು ವರ್ಷ ಗಮನಿಸಿದ ಅಧ್ಯಯನ 2014ರಲ್ಲಿ ಪ್ರಕಟವಾಯಿತು. ತೂಕದ ಕಾರಣಕ್ಕೆ ತಾರತಮ್ಯ ಅನುಭವಿಸಿದೆವು ಎಂದವರ ತೂಕ ಸರಾಸರಿ 0.95 ಕೆ.ಜಿ. ಏರಿತ್ತು; ಉಳಿದವರದು 0.71 ಕೆ.ಜಿ. ಇಳಿದಿತ್ತು. ಅವಮಾನವೇ ಕಾರಣ ಎಂದು ಇದೊಂದರಿಂದ ಸಾಬೀತಾಗದು. ಆದರೆ ಚುಚ್ಚು ಮಾತಿನಿಂದ ಒಳಿತಾಗುತ್ತದೆ ಎಂಬ ನಂಬಿಕೆಗೆ ಅಲ್ಲಿ ಆಧಾರ ಸಿಗಲಿಲ್ಲ. ನೊಂದವರು ಪಾರ್ಕಿಗೆ ಹೋಗಲೂ, ವೈದ್ಯರ ಮುಂದೆ ತೂಕದ ಯಂತ್ರ ಹತ್ತಲೂ ಹಿಂಜರಿಯುತ್ತಾರೆ.

ತಪ್ಪು ಕಲ್ಪನೆ: ತಿನ್ನುವುದು, ಬಿಡುವುದು ಅವರವರ ಸ್ವಂತ ವಿಚಾರ.

ಸತ್ಯ: ಒಲೆಯ ಮೇಲೆ ಒಂದೇ ಪಾತ್ರೆ ಇರುವ ಮನೆಯಲ್ಲಿ ಒಗ್ಗರಣೆಯ ಎಣ್ಣೆ ಎಷ್ಟೆಂದು ತೀರ್ಮಾನಿಸುವುದು ಅಡುಗೆ ಮಾಡುವವರು. ಎಲ್ಲರಿಗೂ ಬಡಿಸಿ ಕೊನೆಗೆ ಕೂರುವ ಗೃಹಿಣಿ, ಚೆಲ್ಲಬಾರದೆಂದು ಪಾತ್ರೆಯಲ್ಲಿ ಉಳಿದ ಅನ್ನ, ಮಕ್ಕಳು ಬಿಟ್ಟ ಪಲ್ಯ ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಳ್ಳುತ್ತಾಳೆ. ಅಲ್ಲಿ ಊಟದ ಅಳತೆ ಅವಳ ಹಸಿವಲ್ಲ, ಪಾತ್ರೆಯಲ್ಲಿ ಉಳಿದದ್ದು. ಅವಳಿಗೆ ಡಯಟ್ ಚೀಟಿ ಕೊಡುವುದಕ್ಕಿಂತ ಅಳತೆಯಾಗಿ ಬೇಯಿಸುವುದು, ಎಲ್ಲರೂ ಒಟ್ಟಿಗೆ ಕೂತು ಉಣ್ಣುವುದು ಹೆಚ್ಚು ಉಪಯೋಗಕ್ಕೆ ಬಂದೀತು.

ತಪ್ಪು ಕಲ್ಪನೆ: 21 ದಿನ ಮಾಡಿದರೆ ಯಾವುದೇ ಕೆಲಸ ಅಭ್ಯಾಸವಾಗುತ್ತದೆ.

ಸತ್ಯ: ಈ ಲೆಕ್ಕದ ಮೂಲ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದ ಪುಸ್ತಕ. ಹೊಸದಕ್ಕೆ ಮನಸ್ಸು ಒಗ್ಗಲು ಕನಿಷ್ಠ 21 ದಿನ ಬೇಕೆಂದು ಅವರು ಹೇಳಿದ್ದರು. 'ಕನಿಷ್ಠ' ಬಿಟ್ಟುಹೋಗಿ ಸಂಖ್ಯೆ ಮಾತ್ರ ಹಬ್ಬಿತು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರ ಅಂದಾಜಿನಲ್ಲಿ ಹೊಸ ಅಭ್ಯಾಸ ರೂಢಿಯಾಗಲು ಸುಮಾರು 66 ದಿನ ಬೇಕು. ಕೆಲವರಿಗೆ 18 ದಿನ ಸಾಕು, ಕೆಲವರಿಗೆ 254 ದಿನವೂ ಬೇಕು. ನಡುವೆ ಒಂದು ದಿನ ತಪ್ಪಿದರೆ ಹೇಳಿಕೊಳ್ಳುವಂಥ ನಷ್ಟವಿರಲಿಲ್ಲ. ದಿನವೂ ಮಾಡುವ ಕೆಲಸಕ್ಕೆ ಹೊಸದನ್ನು ಗಂಟು ಹಾಕಿದರೆ ಸುಲಭ: ರಾತ್ರಿ ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿ ಹತ್ತು ನಿಮಿಷದ ನಡಿಗೆ.

80 ಕೆ.ಜಿ. ಇರುವವರು 4 ಕೆ.ಜಿ. ಇಳಿಸಿದರೂ ರಕ್ತದೊತ್ತಡ, ಸಕ್ಕರೆ ಸುಧಾರಿಸಬಹುದು. ಆ ನಾಲ್ಕು ಕೆ.ಜಿ.ಗೆ ಮನೆಮಂದಿಯೆಲ್ಲ ಕೈಜೋಡಿಸಲಿ.