ಔಷಧ ಅಂಗಡಿಯ ಎರಡು ಮಾತು

ಶಹಾಪುರದ ಮೇ ತಿಂಗಳ ಬಿಸಿಲು. ಔಷಧ ಅಂಗಡಿಗೆ ಹೋಗಿ ಮಂಡಿನೋವಿನ ಮಾತ್ರೆ ಕೇಳಿದೆ. ಅಂಗಡಿಯವರು ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು: “ಅಜ್ಜಾರ, ನೀವು ಲಿಥಿಯಂ ತಗೋತೀರಲ್ರಿ? ಅದರ ಜೋಡಿ ಇದು ಬ್ಯಾಡ್ರಿ. ಡಾಕ್ಟರನ್ನ ಕೇಳ್ರಿ.”

ಮಕ್ಕಳೇ, ನನಗೆ ಬೈಪೋಲಾರ್ ಎಂಬ ಮನಸ್ಸಿನ ಕಾಯಿಲೆ ಇದೆ. ಮನಸ್ಸು ಒಮ್ಮೆ ಗಾಳಿಪಟದಂತೆ ಹಾರುತ್ತದೆ, ಒಮ್ಮೆ ಬಾವಿಗೆ ಬಿದ್ದ ಕೊಡದಂತೆ ಮುಳುಗುತ್ತದೆ. ಲಿಥಿಯಂ ಅದನ್ನು ಹದದಲ್ಲಿಡುತ್ತದೆ. ಆದರೆ ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಜೊತೆಗೂಡಿದರೆ, ಇಲ್ಲವೇ ಬೆವರಿ ಮೈಯ ನೀರು ಬತ್ತಿದರೆ, ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ಕೈನಡುಕ, ವಾಂತಿ, ತೊದಲು ಅದರ ಸೂಚನೆಗಳು.

ಯಾದಗಿರಿ, ಶಹಾಪುರ, ಸುರಪುರದ ಬೇಸಿಗೆ ಗೊತ್ತೇ ಇದೆಯಲ್ಲ! ಮನೋವೈದ್ಯರನ್ನು ನಾನು ಕಾಣುವುದು ಕೆಲವು ತಿಂಗಳಿಗೊಮ್ಮೆ, ಅಂಗಡಿಯವರನ್ನು ಆಗಾಗ. ಹುಷಾರಾದೆನೆಂದು ಒಮ್ಮೆ ನಾನೇ ಮಾತ್ರೆ ಬಿಟ್ಟಿದ್ದೆ. “ಈ ತಿಂಗಳು ಬರಲೇ ಇಲ್ಲಲ್ರಿ?” ಎಂಬ ಅವರ ಪ್ರಶ್ನೆಯೇ ನನ್ನನ್ನು ಮತ್ತೆ ವೈದ್ಯರ ಬಳಿ ಕಳಿಸಿತ್ತು. ಈ ಸಲ ಮಂಡಿಗೆ ವೈದ್ಯರು ಬೇರೆ ಔಷಧ ಬರೆದರು.

ಅಜ್ಜ-ಅಜ್ಜಿಯರೇ, ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿಯನ್ನೂ ಅಂಗಡಿಯಲ್ಲಿ ತೋರಿಸಿ. ಮೊಮ್ಮಕ್ಕಳೇ, ಅವರಿಗೆ ನೀರಿನ ತಂಬಿಗೆ ನೆನಪಿಸಿ. ಮನಸ್ಸು ಕುಗ್ಗಿದರೆ 14416ಕ್ಕೆ, ಟೆಲಿ ಮಾನಸ್‌ಗೆ, ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.